ದೂಳಿನ ಉದ್ಯಮಗಳಲ್ಲಿ ಶ್ವಾಸಕೋಶ ಕ್ಷಮತಾ ಪರೀಕ್ಷೆ: ವರದಿಯನ್ನು ಓದುವ ಬಗೆ

ಹತ್ತಿ ಜಿನ್ನಿಂಗ್ ಕಾರ್ಖಾನೆ, ನೂಲಿನ ಗಿರಣಿ, ಫೌಂಡ್ರಿ, ಗ್ರಾನೈಟ್ ಕತ್ತರಿಸುವ ಘಟಕ, ಜಲ್ಲಿ ಕ್ರಷರ್, ಅಕ್ಕಿ ಗಿರಣಿ - ಇವೆಲ್ಲ ಬೇರೆ ಬೇರೆ ಉದ್ಯಮಗಳಾದರೂ ಇವುಗಳಲ್ಲಿ ಸಮಾನವಾಗಿರುವುದು ದೂಳು. ಇಂತಹ ಘಟಕಗಳಲ್ಲಿ ದುಡಿಯುವವರ ನಿಯತಕಾಲಿಕ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಕ್ಷ-ಕಿರಣ ಚಿತ್ರದ ಜೊತೆಗೆ ಶ್ವಾಸಕೋಶ ಕ್ಷಮತಾ ಪರೀಕ್ಷೆಯನ್ನೂ ಮಾಡಿಸಲಾಗುತ್ತದೆ. ಅಂಕಿಗಳು ಹಾಗೂ ರೇಖಾಚಿತ್ರಗಳಿಂದ ತುಂಬಿದ ವರದಿಯು ಕಾರ್ಖಾನೆಯ ಕಚೇರಿಗೆ ಬರುತ್ತದೆ. ಕೊನೆಯ ಸಾಲಿನಲ್ಲಿ ‘ನಾರ್ಮಲ್’ ಎಂದಿದೆಯೇ ಎಂದು ನೋಡಿ ಅದನ್ನು ಕಡತಕ್ಕೆ ಸೇರಿಸುವುದು ಅನೇಕ ಕಡೆ ನಡೆದುಬಂದ ರೂಢಿ.

ಈ ರೂಢಿಯಲ್ಲಿ ಅಪಾಯವಿದೆ. ‘ನಾರ್ಮಲ್’ ಎಂಬ ಒಂದು ಪದದ ಹಿಂದೆ ಕಾರ್ಮಿಕನ ಉಸಿರಿನ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ನಷ್ಟವಾಗಿರುವ ಸಂಗತಿ ಅಡಗಿರಬಹುದು. ಇದಕ್ಕೆ ವಿರುದ್ಧವಾಗಿ, ಸರಿಯಾಗಿ ಊದದ ಕಾರಣಕ್ಕೆ ಆರೋಗ್ಯವಂತನೊಬ್ಬ ರೋಗಿಯೆಂದು ದಾಖಲಾಗಿ ಕೆಲಸಕ್ಕೆ ಕುತ್ತು ತಂದುಕೊಳ್ಳಬಹುದು. ರೋಗನಿರ್ಣಯ ವೈದ್ಯರ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಆದರೆ ವರದಿಯ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಉದ್ಯಮಿಗಳು ಮತ್ತು ಸಿಬ್ಬಂದಿ ಅಧಿಕಾರಿಗಳು ಅರಿತಿದ್ದರೆ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಬಹುದು.

ರೋಗಗಳು ಎರಡು ಬಗೆ

ಶ್ವಾಸಕೋಶವನ್ನು ಕಮ್ಮಾರನ ತಿದಿಗೆ ಹೋಲಿಸಬಹುದು. ತಿದಿಯ ಕೆಲಸ ಕೆಡಲು ಮುಖ್ಯವಾಗಿ ಎರಡು ಕಾರಣಗಳುಂಟು. ಗಾಳಿ ಹೊರಹೋಗುವ ಕೊಳವೆಯಲ್ಲಿ ಬೂದಿ ಕಟ್ಟಿಕೊಂಡರೆ ತಿದಿಯೊಳಗೆ ಗಾಳಿ ತುಂಬಿದ್ದರೂ ಅದು ನಿಧಾನವಾಗಿ ಹೊರಬರುತ್ತದೆ. ತಿದಿಯ ಚರ್ಮವೇ ಒಣಗಿ ಗಡುಸಾದರೆ ಕೊಳವೆ ಸ್ವಚ್ಛವಾಗಿದ್ದರೂ ತಿದಿ ಪೂರ್ತಿ ಉಬ್ಬುವುದಿಲ್ಲ. ಒಳಸೇರಿದ ಸ್ವಲ್ಪ ಗಾಳಿ ಮಾತ್ರ ಸರಾಗವಾಗಿ ಹೊರಬರುತ್ತದೆ.

ಮೊದಲನೆಯದು ಅಡಚಣೆಯ ರೋಗ. ವರದಿಗಳಲ್ಲಿ ಇದನ್ನು ‘ಆಬ್‌ಸ್ಟ್ರಕ್ಟಿವ್’ ಎಂದು ಬರೆಯಲಾಗುತ್ತದೆ. ಉಬ್ಬಸ, ಅಂದರೆ ಆಸ್ತಮಾ. ಬೀಡಿ-ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ ಹಾಗೂ ಕೆಲಸದ ಸ್ಥಳದ ದೂಳಿನಿಂದ ಬರುವ ಸಿ.ಓ.ಪಿ.ಡಿ.; ಹತ್ತಿಯ ದೂಳಿನಿಂದ ಬರುವ ಬಿಸಿನೋಸಿಸ್ - ಇವು ಈ ಗುಂಪಿನವು. ಇವುಗಳಲ್ಲಿ ಶ್ವಾಸನಾಳಗಳು ಕಿರಿದಾಗುತ್ತವೆ.

ಎರಡನೆಯದು ನಿರ್ಬಂಧಕ ರೋಗ, ವರದಿಯಲ್ಲಿ ‘ರೆಸ್ಟ್ರಿಕ್ಟಿವ್’. ಕಲ್ಲು ಹಾಗೂ ಮರಳಿನ ಸೂಕ್ಷ್ಮ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್, ಕಲ್ನಾರಿನಿಂದ ಬರುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಅಂಗಾಂಶವು ಗಾಯದ ಕಲೆಯಂತೆ ಗಡುಸಾಗುವ ಇತರ ರೋಗಗಳು ಇದರಲ್ಲಿ ಸೇರುತ್ತವೆ. ಶ್ವಾಸಕೋಶ ಚೆನ್ನಾಗಿಯೇ ಇದ್ದು ಬೆನ್ನುಮೂಳೆಯ ಡೊಂಕು, ಅತಿಯಾದ ಬೊಜ್ಜು ಅಥವಾ ಉಸಿರಾಟದ ಸ್ನಾಯುಗಳ ನಿಶ್ಶಕ್ತಿಯಿಂದಲೂ ಇದೇ ಚಿತ್ರ ಮೂಡಬಹುದು. ಸಿಲಿಕೋಸಿಸ್‌ನಲ್ಲಿ ಎರಡೂ ಬಗೆಯ ದೋಷಗಳು ಒಟ್ಟಿಗೆ ಕಾಣಿಸಿಕೊಳ್ಳುವುದೂ ಉಂಟು.

ಅಳೆಯುವುದು ಏನನ್ನು?

ಶ್ವಾಸಕೋಶದ ಗಾಳಿಯನ್ನು ಅಳೆಯುವ ಸ್ಪೈರೋಮೀಟರ್ ಹೊಸ ಉಪಕರಣವಲ್ಲ. ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ಇದರ ವಿವರಗಳನ್ನು ಪ್ರಕಟಿಸಿದರು. ನೀರಿನಲ್ಲಿ ಬೋರಲಾಗಿ ಇಳಿಬಿಟ್ಟ ಪಾತ್ರೆಯೊಳಕ್ಕೆ ವ್ಯಕ್ತಿಯು ಊದಿದಾಗ ಪಾತ್ರೆ ಎಷ್ಟು ಮೇಲೇಳುತ್ತದೆ ಎಂಬುದೇ ಅಳತೆ. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅವರು, ಊದುವ ಗಾಳಿಯ ಪ್ರಮಾಣವು ವ್ಯಕ್ತಿಯ ಎತ್ತರವನ್ನು ಅವಲಂಬಿಸಿದೆ ಎಂದು ತೋರಿಸಿದರು. ಜೀವವಿಮೆ ಮಾಡಿಸುವವರ ಆರೋಗ್ಯವನ್ನು ಅಳೆಯಲು ಈ ಉಪಕರಣ ಉಪಯುಕ್ತವಾದೀತೆಂಬುದು ಅವರ ಎಣಿಕೆಯಾಗಿತ್ತು. ಒಟ್ಟು ಗಾಳಿಯಷ್ಟೇ ಅಲ್ಲ, ಅದು ಹೊರಬರುವ ವೇಗವೂ ಮುಖ್ಯ ಎಂಬ ತಿಳಿವಳಿಕೆ ಬಂದದ್ದು ಸುಮಾರು ನೂರು ವರ್ಷಗಳ ನಂತರ, 1947ರಲ್ಲಿ. ಫ್ರಾನ್ಸ್‌ನ ರಾಬರ್ಟ್ ಟಿಫನೋ ಅವರ ಕೆಲಸದಿಂದ.

ಇಂದಿನ ವರದಿಯಲ್ಲಿ ಹತ್ತಾರು ಸಾಲುಗಳಿದ್ದರೂ ಮೊದಲು ನೋಡಬೇಕಾದುವು ಮೂರು:

1. ಎಫ್.ವಿ.ಸಿ. - ಪೂರ್ತಿ ಉಸಿರೆಳೆದುಕೊಂಡು ಶಕ್ತಿಮೀರಿ ಊದಿದಾಗ ಹೊರಬರುವ ಒಟ್ಟು ಗಾಳಿ, ಲೀಟರ್‌ಗಳಲ್ಲಿ.

2. ಎಫ್.ಇ.ವಿ.-1 - ಹಾಗೆ ಊದಿದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಭಾಗ.

3. ಇವೆರಡರ ಅನುಪಾತ - ಒಟ್ಟು ಗಾಳಿಯಲ್ಲಿ ಶೇಕಡಾ ಎಷ್ಟು ಭಾಗ ಮೊದಲ ಸೆಕೆಂಡಿನಲ್ಲೇ ಹೊರಬಂದಿತು ಎಂಬ ಲೆಕ್ಕ. ಆರೋಗ್ಯವಂತ ವಯಸ್ಕರಲ್ಲಿ ಇದು ಸಾಮಾನ್ಯವಾಗಿ ಶೇ. 75ರಿಂದ 85ರ ಆಸುಪಾಸಿನಲ್ಲಿರುತ್ತದೆ. ವಯಸ್ಸಾದಂತೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ.

ಪ್ರತಿ ಅಳತೆಯ ಪಕ್ಕದಲ್ಲಿ ‘ಪ್ರಿಡಿಕ್ಟೆಡ್’ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದೇ ವಯಸ್ಸು, ಎತ್ತರ ಹಾಗೂ ಲಿಂಗದ ಆರೋಗ್ಯವಂತರಲ್ಲಿ ನಿರೀಕ್ಷಿಸಬಹುದಾದ ಸರಾಸರಿ ಮಟ್ಟ ಅದು. ಪರೀಕ್ಷೆಯಲ್ಲಿ ದೊರೆತ ಅಳತೆಯು ನಿರೀಕ್ಷಿತ ಮಟ್ಟದ ಶೇಕಡಾ ಎಷ್ಟು ಎಂಬುದನ್ನೂ ಯಂತ್ರವೇ ಲೆಕ್ಕಹಾಕಿ ಕೊಡುತ್ತದೆ.

ಊದಿದ ರೀತಿಯನ್ನು ಮೊದಲು ನೋಡಬೇಕು

ರಕ್ತ ಪರೀಕ್ಷೆಯಲ್ಲಿ ರೋಗಿ ಮಾಡಬೇಕಾದುದು ಏನೂ ಇಲ್ಲ. ಶ್ವಾಸಕೋಶ ಪರೀಕ್ಷೆಯಲ್ಲಿ ಎಲ್ಲವನ್ನೂ ಮಾಡಬೇಕಾದವನು ಅವನೇ. ಆದುದರಿಂದ ಅಂಕಿಗಳನ್ನು ಓದುವ ಮೊದಲು ಪರೀಕ್ಷೆಯ ಗುಣಮಟ್ಟವನ್ನು ನೋಡುವುದು ಕಡ್ಡಾಯ. ಅಮೆರಿಕ ಹಾಗೂ ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು ಜಂಟಿಯಾಗಿ 2019ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ಕನಿಷ್ಠ ಮೂರು ಬಾರಿ ಸರಿಯಾಗಿ ಊದಿರಬೇಕು. ಅವುಗಳಲ್ಲಿ ಅತಿ ಹೆಚ್ಚಿನ ಎರಡು ಅಳತೆಗಳ ನಡುವಿನ ವ್ಯತ್ಯಾಸ 150 ಮಿಲಿಲೀಟರ್‌ಗಿಂತ ಹೆಚ್ಚಿರಬಾರದು. ಊದುವಿಕೆ ತಡವರಿಸದೆ ಒಮ್ಮೆಲೇ ಬಲವಾಗಿ ಆರಂಭವಾಗಬೇಕು, ನಡುವೆ ಕೆಮ್ಮಿರಬಾರದು, ಗಾಳಿ ಪೂರ್ತಿ ಬರಿದಾಗಿ ರೇಖೆ ಸಮತಟ್ಟಾಗುವವರೆಗೆ ಮುಂದುವರಿಯಬೇಕು. ಯಂತ್ರವನ್ನು ಮೂರು ಲೀಟರ್‌ನ ಸಿರಿಂಜಿನಿಂದ ಪ್ರತಿದಿನ ಪರಿಶೀಲಿಸಿರಬೇಕು, ಅಳತೆಯಲ್ಲಿ ಶೇ. 3ಕ್ಕಿಂತ ಹೆಚ್ಚಿನ ದೋಷ ಇರಬಾರದು. ಎತ್ತರವನ್ನು ಚಪ್ಪಲಿ ಕಳಚಿಸಿ ಅಳೆಯಬೇಕು, ಕೇಳಿ ಬರೆದುಕೊಳ್ಳಬಾರದು. ಏಕೆಂದರೆ ಎತ್ತರ ತಪ್ಪಿದರೆ ನಿರೀಕ್ಷಿತ ಮಟ್ಟವೂ ತಪ್ಪುತ್ತದೆ.

ಈ ಎಚ್ಚರಿಕೆಗಳು ಕೇವಲ ಔಪಚಾರಿಕವಲ್ಲ ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ನೂಲಿನ ಗಿರಣಿಯ ಕಾರ್ಡಿಂಗ್ ವಿಭಾಗದ ಐವತ್ತು ವರ್ಷದ ಕಾರ್ಮಿಕನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವನ ನಿರೀಕ್ಷಿತ ಎಫ್.ವಿ.ಸಿ. 3.40 ಲೀಟರ್, ಎಫ್.ಇ.ವಿ.-1 2.70 ಲೀಟರ್. ಅವನು ಸರಿಯಾಗಿ ಕೊನೆಯವರೆಗೆ ಊದಿದಾಗ ಎಫ್.ವಿ.ಸಿ. 3.10, ಎಫ್.ಇ.ವಿ.-1 1.75 ಲೀಟರ್; ಅನುಪಾತ ಶೇ. 56. ಅಡಚಣೆ ಸ್ಪಷ್ಟವಾಗಿದೆ. ಅದೇ ವ್ಯಕ್ತಿ ದಣಿದು ಎರಡು ಮೂರು ಸೆಕೆಂಡುಗಳಲ್ಲೇ ಊದುವುದನ್ನು ನಿಲ್ಲಿಸಿಬಿಟ್ಟನೆನ್ನೋಣ. ಆಗ ದಾಖಲಾಗುವ ಎಫ್.ವಿ.ಸಿ. 2.50 ಲೀಟರ್ ಮಾತ್ರ; ಮೊದಲ ಸೆಕೆಂಡಿನ ಗಾಳಿ ಮಾತ್ರ ಅದೇ 1.75. ಅನುಪಾತ ಶೇ. 70ಕ್ಕೆ ಏರಿತು, ಎಫ್.ವಿ.ಸಿ. ನಿರೀಕ್ಷಿತ ಮಟ್ಟದ ಶೇ. 74ಕ್ಕೆ ಇಳಿಯಿತು. ಅಡಚಣೆಯ ರೋಗವು ಈಗ ನಿರ್ಬಂಧಕ ರೋಗದಂತೆ ತೋರುತ್ತಿದೆ! ತಂತ್ರಜ್ಞರು ‘ಊದಿ, ಊದಿ, ಇನ್ನೂ ಊದಿ’ ಎಂದು ಹುರಿದುಂಬಿಸುವುದು ಇದೇ ಕಾರಣಕ್ಕೆ. ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ, ಒಮ್ಮೆ ಮಾಡಿ ತೋರಿಸದೆ ಒಂದೇ ಬೆಳಗಿನಲ್ಲಿ ನೂರಾರು ಜನರನ್ನು ಸಾಲಾಗಿ ಊದಿಸುವ ಶಿಬಿರಗಳ ಫಲಿತಾಂಶಕ್ಕೆ ಹೆಚ್ಚಿನ ಬೆಲೆ ಇರುವುದಿಲ್ಲ.

ಮೊದಲ ಪ್ರಶ್ನೆ: ಅನುಪಾತ ಇಳಿದಿದೆಯೇ?

ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ಖಚಿತವಾದ ಮೇಲೆ ಮೊದಲು ನೋಡಬೇಕಾದುದು ಅನುಪಾತವನ್ನು. ಅದು ಇಳಿದಿದ್ದರೆ ಶ್ವಾಸನಾಳಗಳಲ್ಲಿ ಅಡಚಣೆ ಇದೆ ಎಂದರ್ಥ. ಎಷ್ಟು ಇಳಿದರೆ ಇಳಿದಂತೆ? ಸಿ.ಓ.ಪಿ.ಡಿ. ಗುರುತಿಸಲು ಶೇ. 70 ಎಂಬ ಒಂದೇ ಗೆರೆ ಬಹಳ ಕಾಲದಿಂದ ಬಳಕೆಯಲ್ಲಿದೆ. ನೆನಪಿಡಲು ಇದು ಸುಲಭ. ಆದರೆ ಅನುಪಾತವು ವಯಸ್ಸಿನೊಂದಿಗೆ ಸಹಜವಾಗಿಯೇ ಇಳಿಯುವುದರಿಂದ ಎಪ್ಪತ್ತರ ಆರೋಗ್ಯವಂತ ವೃದ್ಧನನ್ನು ಈ ಗೆರೆ ರೋಗಿಯೆನ್ನಬಹುದು. ಇಪ್ಪತ್ತೆರಡರ ಯುವ ಕಾರ್ಮಿಕನ ನಿಜವಾದ ದೋಷವನ್ನು ಮರೆಮಾಚಲೂಬಹುದು. ಆದುದರಿಂದ ಆಯಾ ವಯಸ್ಸು ಮತ್ತು ಎತ್ತರಕ್ಕೆ ತಕ್ಕ ಕನಿಷ್ಠ ಮಿತಿಯನ್ನು ನೋಡುವುದು ಉತ್ತಮ ಎಂಬುದು ಇಂದಿನ ಅಭಿಪ್ರಾಯ. ವರದಿಯಲ್ಲಿ ಇದು ‘ಎಲ್.ಎಲ್.ಎನ್.’ ಎಂದಿರುತ್ತದೆ. ಆರೋಗ್ಯವಂತರಲ್ಲಿ ನೂರಕ್ಕೆ ಐವರ ಅಳತೆ ಮಾತ್ರ ಈ ಮಿತಿಯ ಕೆಳಗಿರುತ್ತದೆ. ಇದನ್ನೇ ‘ಜಡ್-ಸ್ಕೋರ್’ ಎಂಬ ಅಂಕಿಯಲ್ಲಿ ಹೇಳುವುದಾದರೆ, ಋಣ 1.64ಕ್ಕಿಂತ ಕೆಳಗಿಳಿದರೆ ಕಡಿಮೆ ಎಂದು ಭಾವಿಸಲಾಗುತ್ತದೆ.

ರೇಖಾಚಿತ್ರವೂ ಇದನ್ನೇ ಹೇಳುತ್ತದೆ. ಆರೋಗ್ಯವಂತನ ರೇಖೆ ಚೂಪಾಗಿ ಮೇಲೇರಿ, ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತದೆ. ಅಡಚಣೆ ಇರುವವರಲ್ಲಿ ಇಳಿಯುವ ಭಾಗವು ಚಮಚದಿಂದ ತೋಡಿದಂತೆ ಒಳಕ್ಕೆ ಬಾಗಿರುತ್ತದೆ.

ಅಡಚಣೆ ಕಂಡುಬಂದಾಗ ಶ್ವಾಸನಾಳಗಳನ್ನು ಹಿಗ್ಗಿಸುವ ಸಾಲ್ಬುಟಮಾಲ್ ಔಷಧಿಯನ್ನು, ಸಾಮಾನ್ಯವಾಗಿ 400 ಮೈಕ್ರೋಗ್ರಾಂ, ಇನ್‌ಹೇಲರ್ ಮೂಲಕ ಕೊಟ್ಟು 10-15 ನಿಮಿಷಗಳ ನಂತರ ಮತ್ತೆ ಊದಿಸಲಾಗುತ್ತದೆ. ಅಳತೆಯು ಮೊದಲಿನದಕ್ಕಿಂತ ಶೇ. 12ರಷ್ಟು ಮತ್ತು ಕನಿಷ್ಠ 200 ಮಿಲಿಲೀಟರ್ ಏರಬೇಕೆಂಬುದು 2005ರ ಮಾರ್ಗದರ್ಶಿಯ ನಿಯಮವಾಗಿತ್ತು. 2022ರಲ್ಲಿ ಪ್ರಕಟವಾದ ಪರಿಷ್ಕೃತ ಮಾನದಂಡದ ಪ್ರಕಾರ ಏರಿಕೆಯು ನಿರೀಕ್ಷಿತ ಮಟ್ಟದ ಶೇ. 10ನ್ನು ಮೀರಬೇಕು. ಮೇಲಿನ ಕಾರ್ಡಿಂಗ್ ಕಾರ್ಮಿಕನ ಎಫ್.ಇ.ವಿ.-1, 1.75ರಿಂದ 2.20 ಲೀಟರ್‌ಗೆ ಏರಿದರೆ ಏರಿಕೆ 450 ಮಿಲಿಲೀಟರ್. ಅಂದರೆ ನಿರೀಕ್ಷಿತ 2.70 ಲೀಟರ್‌ನ ಸುಮಾರು ಶೇ. 17. ಇದು ಆಸ್ತಮಾದ ಕಡೆ ಬೆರಳು ತೋರುತ್ತದೆ. ಕೇವಲ 1.85ಕ್ಕೆ ಏರಿದರೆ ನಾಳಗಳ ಅಡಚಣೆ ಬಹುಮಟ್ಟಿಗೆ ಶಾಶ್ವತವಾಗಿದೆ ಎಂದು ತಿಳಿಯಬೇಕಾಗುತ್ತದೆ. ಹಾಗೆಂದು ಔಷಧಿಯಿಂದ ಒಮ್ಮೆ ಏರಿಕೆ ಕಾಣದಿದ್ದ ಮಾತ್ರಕ್ಕೆ ಆಸ್ತಮಾ ಇಲ್ಲವೆಂದಾಗಲೀ ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದಾಗಲೀ ತೀರ್ಮಾನಿಸುವಂತಿಲ್ಲ.

ಎರಡನೆಯ ಪ್ರಶ್ನೆ: ಒಟ್ಟು ಗಾಳಿ ಕಡಿಮೆಯಾಗಿದೆಯೇ?

ಅನುಪಾತ ಸರಿಯಾಗಿದ್ದರೆ ಎಲ್ಲವೂ ಸರಿಯಾಗಿದೆ ಎಂದು ಭಾವಿಸುವುದೇ ವರದಿಯನ್ನು ಓದುವಲ್ಲಿ ಆಗುವ ದೊಡ್ಡ ತಪ್ಪು. ಗ್ರಾನೈಟ್ ಕತ್ತರಿಸುವ ನಲವತ್ನಾಲ್ಕು ವರ್ಷದ ಕಾರ್ಮಿಕನೊಬ್ಬನ ಅಳತೆಗಳು ಹೀಗಿವೆ ಎಂದುಕೊಳ್ಳೋಣ: ಎಫ್.ವಿ.ಸಿ. ಇರಬೇಕಾದುದು 3.60, ಇರುವುದು 2.30 ಲೀಟರ್, ಅಂದರೆ ಶೇ. 64. ಎಫ್.ಇ.ವಿ.-1 ಇರಬೇಕಾದುದು 2.90, ಇರುವುದು 2.00 ಲೀಟರ್, ಅಂದರೆ ಶೇ. 69. ಅನುಪಾತ ಶೇ. 87. ಅನುಪಾತವೊಂದನ್ನೇ ನೋಡಿದರೆ ಇವನದು ಅತ್ಯುತ್ತಮ ಶ್ವಾಸಕೋಶ. ಆದರೆ ವಾಸ್ತವ ಬೇರೆ. ಗಡುಸಾದ ಶ್ವಾಸಕೋಶವು ತನ್ನೊಳಗಿನ ನಾಳಗಳನ್ನು ಸುತ್ತಲಿಂದ ಎಳೆದು ಅಗಲವಾಗಿಯೇ ಇರಿಸುವುದರಿಂದ ಇರುವ ಸ್ವಲ್ಪ ಗಾಳಿ ಬೇಗನೆ ಹೊರಬಂದಿದೆ, ಅಷ್ಟೆ. ಇವನ ರೇಖಾಚಿತ್ರದ ಆಕಾರ ಆರೋಗ್ಯವಂತನದರಂತೆಯೇ ಇದ್ದು ಗಾತ್ರದಲ್ಲಿ ಮಾತ್ರ ಕುಗ್ಗಿರುತ್ತದೆ.

ಎಫ್.ವಿ.ಸಿ. ಕಡಿಮೆಯಿದ್ದು ಅನುಪಾತ ಸರಿಯಾಗಿ ಅಥವಾ ಹೆಚ್ಚಾಗಿದ್ದರೆ ನಿರ್ಬಂಧಕ ರೋಗದ ಶಂಕೆ ಮೂಡುತ್ತದೆ. ಇಲ್ಲಿ ‘ಶಂಕೆ’ ಎಂಬ ಪದವನ್ನು ಒತ್ತಿ ಹೇಳಬೇಕು. ಎಷ್ಟೇ ಬಲವಾಗಿ ಊದಿದರೂ ಒಂದಷ್ಟು ಗಾಳಿ ಶ್ವಾಸಕೋಶದಲ್ಲಿ ಉಳಿದೇ ಇರುತ್ತದೆ. ಅದನ್ನು ಸ್ಪೈರೋಮೀಟರ್ ಅಳೆಯಲಾರದು. ತೀವ್ರ ಅಡಚಣೆಯಿಂದ ಗಾಳಿ ಒಳಗೇ ಸಿಕ್ಕಿಕೊಂಡಾಗಲೂ ಎಫ್.ವಿ.ಸಿ. ಇಳಿಯುತ್ತದೆ. ಆದುದರಿಂದ ನಿರ್ಬಂಧವನ್ನು ಖಚಿತಪಡಿಸಲು ಶ್ವಾಸಕೋಶದ ಒಟ್ಟು ಧಾರಣಶಕ್ತಿಯನ್ನೇ, ಅಂದರೆ ಟಿ.ಎಲ್.ಸಿ.ಯನ್ನು ಅಳೆಯಬೇಕು. ಇದಕ್ಕೆ ಹೀಲಿಯಂ ಅನಿಲವನ್ನು ಬಳಸುವ ವಿಧಾನ ಅಥವಾ ಗಾಜಿನ ಕೋಣೆಯಂತಹ ಬಾಡಿ ಪ್ಲೆಥಿಸ್ಮೋಗ್ರಾಫ್ ಯಂತ್ರ ಬೇಕಾಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇಂತಹ ಸೌಲಭ್ಯ ದೊರೆಯುವುದು ಸಾಮಾನ್ಯ. ಎಫ್.ವಿ.ಸಿ. ಮತ್ತು ಅನುಪಾತ ಎರಡೂ ಕಡಿಮೆಯಿರುವ ಮಿಶ್ರ ಚಿತ್ರದಲ್ಲಿಯೂ ಟಿ.ಎಲ್.ಸಿ. ನೋಡದೆ ಎರಡೂ ರೋಗಗಳಿವೆ ಎಂದು ಹೇಳುವಂತಿಲ್ಲ. ಸಮಾಧಾನದ ಸಂಗತಿಯೆಂದರೆ, ಸರಿಯಾಗಿ ಊದಿದಾಗ ಎಫ್.ವಿ.ಸಿ. ಸಹಜ ಮಟ್ಟದಲ್ಲಿದ್ದರೆ ಗಣನೀಯ ನಿರ್ಬಂಧ ಇರುವ ಸಂಭವ ಬಹಳ ಕಡಿಮೆ.

ಡಿ.ಎಲ್.ಸಿ.ಓ. ಎಂಬ ಮತ್ತೊಂದು ಪರೀಕ್ಷೆಯು ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಸರಾಗವಾಗಿ ದಾಟುತ್ತದೆ ಎಂಬುದನ್ನು ಅಳೆಯುತ್ತದೆ. ನಿರ್ಬಂಧವಿದ್ದು ಇದೂ ಇಳಿದಿದ್ದರೆ ದೋಷ ಶ್ವಾಸಕೋಶದ ಅಂಗಾಂಶದಲ್ಲೇ ಇರುವ ಸಾಧ್ಯತೆ ಹೆಚ್ಚು. ಬೊಜ್ಜು ಅಥವಾ ಎದೆಗೂಡಿನ ದೋಷವಾದರೆ ಇದು ಬಹುಮಟ್ಟಿಗೆ ಸರಿಯಾಗಿರುತ್ತದೆ. ಅಡಚಣೆಯ ರೋಗಗಳಲ್ಲಿ ಎಂಫಿಸೀಮಾ ಇದ್ದರೆ ಇಳಿಯುತ್ತದೆ, ಆಸ್ತಮಾದಲ್ಲಿ ಸಾಮಾನ್ಯವಾಗಿ ಇಳಿಯುವುದಿಲ್ಲ.

ಯಾರ ಅಳತೆಗೋಲು?

‘ನಿರೀಕ್ಷಿತ ಮಟ್ಟ’ ಎಂಬುದು ಯಾವುದೋ ಒಂದು ಜನಸಮೂಹವನ್ನು ಅಳೆದು ರಚಿಸಿದ ಸಮೀಕರಣದಿಂದ ಬರುತ್ತದೆ. ಯುರೋಪಿನ ಜನರನ್ನು ಆಧರಿಸಿದ ಸಮೀಕರಣಗಳು ಭಾರತೀಯರಿಗೆ ಹೆಚ್ಚಿನ ಮಟ್ಟವನ್ನು ನಿರೀಕ್ಷಿಸುತ್ತವೆ. ಆಮದಾದ ಯಂತ್ರವನ್ನು ಹಾಗೆಯೇ ಬಳಸಿದರೆ ಆರೋಗ್ಯವಂತ ಕಾರ್ಮಿಕನ ವರದಿಯಲ್ಲೂ ‘ಮೈಲ್ಡ್ ರೆಸ್ಟ್ರಿಕ್ಷನ್’ ಎಂದು ಮುದ್ರಿತವಾಗಬಹುದು. ಅಮೆರಿಕದ ಥೊರಾಸಿಕ್ ಸೊಸೈಟಿಯು 2023ರಲ್ಲಿ ಜನಾಂಗಭೇದವಿಲ್ಲದ ಜಾಗತಿಕ ಸಮೀಕರಣವನ್ನು ಶಿಫಾರಸು ಮಾಡಿದ ಮೇಲೆ ಈ ಚರ್ಚೆ ಮತ್ತಷ್ಟು ಬೆಳೆದಿದೆ. ಕಾರ್ಖಾನೆಯ ಮಟ್ಟಿಗೆ ವ್ಯಾವಹಾರಿಕವಾಗಿ ತಿಳಿಯಬೇಕಾದುದು ಇಷ್ಟು: ಬಳಸಿದ ಸಮೀಕರಣ ಯಾವುದೆಂದು ವರದಿಯಲ್ಲಿ ಇರಬೇಕು, ವರ್ಷದಿಂದ ವರ್ಷಕ್ಕೆ ಅದನ್ನು ಬದಲಿಸಬಾರದು. ಬದಲಿಸಿದರೆ ಶ್ವಾಸಕೋಶದಲ್ಲಿ ಯಾವ ಬದಲಾವಣೆಯೂ ಆಗದೆ ಶೇಕಡಾ ಪ್ರಮಾಣ ಮಾತ್ರ ಏರಿಳಿಯುತ್ತದೆ.

‘ನಾರ್ಮಲ್’ ಒಳಗಿನ ನಷ್ಟ

ಕಾರ್ಖಾನೆಗೆ ಸಂಬಂಧಿಸಿದಂತೆ ಎಲ್ಲಕ್ಕಿಂತ ಮುಖ್ಯವಾದ ಅಂಶ ಇದು. ಸಹಜ ಮಟ್ಟದ ವ್ಯಾಪ್ತಿ ವಿಶಾಲವಾದುದು. ನಿರೀಕ್ಷಿತ ಮಟ್ಟದ ಶೇ. 80ರಿಂದ 120ರವರೆಗಿನ ಅಳತೆಗಳನ್ನು ಸಹಜವೆಂದು ಪರಿಗಣಿಸುವುದು ಹಳೆಯ ವಾಡಿಕೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಗಟ್ಟಿಮುಟ್ಟಾದ ಕಾರ್ಮಿಕನ ಎಫ್.ಇ.ವಿ.-1 ನಿರೀಕ್ಷಿತ 3.40 ಲೀಟರ್‌ನ ಶೇ. 115, ಅಂದರೆ 3.91 ಲೀಟರ್ ಇತ್ತೆನ್ನೋಣ. ಹತ್ತು ವರ್ಷಗಳ ನಂತರ ನಿರೀಕ್ಷಿತ ಮಟ್ಟ 3.15 ಲೀಟರ್, ಅವನದು ಅದರ ಶೇ. 84, ಅಂದರೆ ಸುಮಾರು 2.65 ಲೀಟರ್. ಎರಡೂ ವರದಿಗಳ ಕೊನೆಯಲ್ಲಿ ‘ನಾರ್ಮಲ್’ ಎಂದೇ ಇರುತ್ತದೆ. ಆದರೆ ಅವನು ಕಳೆದುಕೊಂಡದ್ದು 1.26 ಲೀಟರ್, ವರ್ಷಕ್ಕೆ 126 ಮಿಲಿಲೀಟರ್. ಧೂಮಪಾನ ಮಾಡದ ಆರೋಗ್ಯವಂತ ವಯಸ್ಕನಲ್ಲಿ ವಯೋಸಹಜ ಇಳಿಕೆ ವರ್ಷಕ್ಕೆ ಸುಮಾರು 25-30 ಮಿಲಿಲೀಟರ್ ಮಾತ್ರ. ಅಂದರೆ ಹತ್ತು ವರ್ಷಗಳಲ್ಲಿ ಕಾಲು ಲೀಟರ್‌ನಷ್ಟು ಇಳಿಯಬೇಕಾದಲ್ಲಿ ಒಂದೂಕಾಲು ಲೀಟರ್ ಇಳಿದಿದೆ.

ಎರಡನೆಯ ವರದಿಯೊಂದನ್ನೇ ನೋಡಿದವರಿಗೆ ಈ ನಷ್ಟ ಕಾಣುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟವರಿಗೆ ಮಾತ್ರ ಕಾಣುತ್ತದೆ. ವ್ಯಾಪಾರದಲ್ಲಿ ವರ್ಷಾಂತ್ಯದ ಶಿಲ್ಕು ಧನಾತ್ಮಕವಾಗಿದೆ ಎಂಬುದರಿಂದಲೇ ತೃಪ್ತರಾಗದೆ ಹಿಂದಿನ ವರ್ಷಗಳ ಲೆಕ್ಕದೊಡನೆ ತಾಳೆ ನೋಡುವಂತೆಯೇ ಇಲ್ಲಿಯೂ ನೋಡಬೇಕು. ಅಳತೆಗಳಲ್ಲಿ ದಿನದಿಂದ ದಿನಕ್ಕೆ ಸಣ್ಣ ಏರುಪೇರು ಸಹಜ. ಆದುದರಿಂದ ಒಂದು ವರ್ಷದ ಸಣ್ಣ ಇಳಿಕೆಗೆ ಗಾಬರಿಯಾಗಬೇಕಿಲ್ಲ. ವಯೋಸಹಜ ಇಳಿಕೆಯನ್ನು ಬಿಟ್ಟು ಶೇ. 15ಕ್ಕಿಂತ ಹೆಚ್ಚು ಇಳಿದಿದ್ದರೆ, ಅಳತೆ ಸಹಜ ವ್ಯಾಪ್ತಿಯೊಳಗೇ ಇದ್ದರೂ, ಮರುಪರೀಕ್ಷೆ ಮತ್ತು ತಜ್ಞರ ಸಲಹೆ ಅಗತ್ಯ. ಕೆಲಸಕ್ಕೆ ಸೇರುವಾಗಲೇ ಆರಂಭಿಕ ಪರೀಕ್ಷೆ ಮಾಡಿಸದಿದ್ದರೆ ಈ ತಾಳೆಗೆ ಆಧಾರವೇ ಇರುವುದಿಲ್ಲ.

ಹತ್ತಿಯ ದೂಳು ಮತ್ತು ವಾರದ ಮೊದಲ ದಿನ

ಹತ್ತಿ ಉದ್ಯಮದಲ್ಲಿ ಇನ್ನೊಂದು ವಿಶೇಷವಿದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುವುದು ಬಿಸಿನೋಸಿಸ್‌ನ ಆರಂಭಿಕ ಲಕ್ಷಣ. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಗಿರಣಿ ಕಾರ್ಮಿಕರನ್ನು 1950ರ ದಶಕದಲ್ಲಿ ಅಧ್ಯಯನ ಮಾಡಿದ ರಿಚರ್ಡ್ ಶಿಲ್ಲಿಂಗ್ ಅವರು ಈ ಲಕ್ಷಣದ ಆಧಾರದ ಮೇಲೆಯೇ ರೋಗದ ಹಂತಗಳನ್ನು ಗುರುತಿಸಿದರು. ಮೊದಲು ಒಂದೇ ದಿನ ಕಾಡುವ ಬಿಗಿತ ಕ್ರಮೇಣ ವಾರದ ಇತರ ದಿನಗಳಿಗೂ ಹರಡಿ, ಕೊನೆಗೆ ಶಾಶ್ವತ ಅಡಚಣೆಯಾಗಿ ಉಳಿಯುತ್ತದೆ. ಆದುದರಿಂದ ವಾರದ ಮಧ್ಯದಲ್ಲಿ ಯಾವುದೋ ಒಂದು ಹೊತ್ತಿನಲ್ಲಿ ಮಾಡಿಸಿದ ಪರೀಕ್ಷೆ ಆರಂಭಿಕ ರೋಗವನ್ನು ತೋರಿಸದಿರಬಹುದು. ರಜೆಯ ಮರುದಿನ ಪಾಳಿ ಆರಂಭವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಊದಿಸಿ ಎಫ್.ಇ.ವಿ.-1 ಎಷ್ಟು ಇಳಿಯಿತೆಂದು ನೋಡುವುದು ಸರಿಯಾದ ಕ್ರಮ. ಈ ಹಂತದಲ್ಲಿ ದೂಳಿನಿಂದ ದೂರವಾದರೆ ಶ್ವಾಸಕೋಶ ಚೇತರಿಸಿಕೊಳ್ಳುವ ಅವಕಾಶವಿರುತ್ತದೆ.

ಸಿಲಿಕೋಸಿಸ್ ವಿಷಯದಲ್ಲಿ ಅಂತಹ ಅವಕಾಶವಿಲ್ಲ. ಒಮ್ಮೆ ಗಡುಸಾದ ಶ್ವಾಸಕೋಶವನ್ನು ಹಿಂದಿನ ಸ್ಥಿತಿಗೆ ತರುವ ಔಷಧಿ ಇಲ್ಲ. ಕ್ಷಯರೋಗ ತಗಲುವ ಅಪಾಯವೂ ಹೆಚ್ಚುತ್ತದೆ. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ನಡೆದ ಸಮೀಕ್ಷೆಗಳು ಈ ರೋಗದ ವ್ಯಾಪ್ತಿಯನ್ನು ಬೆಳಕಿಗೆ ತಂದವು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಅದೇ ಸಿಲಿಕಾ ದೂಳು ಇಂದಿಗೂ ಕಲ್ಲು ಕ್ವಾರಿ, ಕ್ರಷರ್ ಹಾಗೂ ಫೌಂಡ್ರಿಗಳಲ್ಲಿದೆ. ಸಿಲಿಕೋಸಿಸ್‌ನ ಆರಂಭದಲ್ಲಿ ಕ್ಷ-ಕಿರಣ ಚಿತ್ರದಲ್ಲಿ ಚುಕ್ಕೆಗಳು ಕಾಣುತ್ತಿದ್ದರೂ ಊದುವ ಪರೀಕ್ಷೆ ಸರಿಯಾಗಿಯೇ ಇರಬಹುದು. ಆದುದರಿಂದ ಒಂದು ಪರೀಕ್ಷೆ ಮತ್ತೊಂದಕ್ಕೆ ಬದಲಿಯಲ್ಲ.

ಕಾನೂನು ಮತ್ತು ದಾಖಲೆ

ಸಿಲಿಕೋಸಿಸ್, ಆಸ್ಬೆಸ್ಟೋಸಿಸ್ ಮತ್ತು ಬಿಸಿನೋಸಿಸ್ 1948ರ ಕಾರ್ಖಾನೆಗಳ ಅಧಿನಿಯಮದ ಮೂರನೆಯ ಅನುಸೂಚಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳಾಗಿದ್ದವು. ಆ ಅಧಿನಿಯಮದ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿಯೂ ಇಂತಹ ರೋಗಗಳ ಅನುಸೂಚಿ ಇದೆ. ಕಲ್ನಾರು ಉದ್ಯಮಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ನೀಡಿದ ತೀರ್ಪು ಇಲ್ಲಿ ಗಮನಾರ್ಹ. ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವೆರಡರಲ್ಲಿ ಯಾವುದು ನಂತರ ಬರುತ್ತದೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಅದು ಆದೇಶಿಸಿತು. ದೂಳಿನ ರೋಗಗಳು ಹತ್ತು, ಇಪ್ಪತ್ತು ವರ್ಷಗಳ ನಂತರವೂ ತಲೆದೋರುವುದರಿಂದ ಇತರ ದೂಳಿನ ಉದ್ಯಮಗಳೂ ಇದನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ವಿವೇಕ. ಪರಿಹಾರದ ಪ್ರಶ್ನೆ ಬಂದಾಗ ಇಂತಹ ದಾಖಲೆ ಕಾರ್ಮಿಕನಿಗೂ ಮಾಲೀಕನಿಗೂ ಸಮಾನವಾಗಿ ನೆರವಾಗುತ್ತದೆ.

ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ವರದಿ ಕೈಸೇರಿದಾಗ ಕಾರ್ಖಾನೆಯ ವೈದ್ಯರೊಡನೆ ಈ ಅಂಶಗಳನ್ನು ಖಚಿತಪಡಿಸಿಕೊಳ್ಳಬಹುದು:

* ಮೂರು ಸರಿಯಾದ ಊದುವಿಕೆಗಳು ದಾಖಲಾಗಿವೆಯೇ? ರೇಖಾಚಿತ್ರಗಳನ್ನು ಲಗತ್ತಿಸಲಾಗಿದೆಯೇ?

* ಎತ್ತರವನ್ನು ಅಳೆಯಲಾಗಿದೆಯೇ? ಬಳಸಿದ ಸಮೀಕರಣ ಹಿಂದಿನ ವರ್ಷದ್ದೇ ಆಗಿದೆಯೇ?

* ಅನುಪಾತ ಮತ್ತು ಎಫ್.ವಿ.ಸಿ. ಎರಡನ್ನೂ ನೋಡಿ ತೀರ್ಮಾನ ಬರೆಯಲಾಗಿದೆಯೇ?

* ಶೇಕಡಾ ಪ್ರಮಾಣವಲ್ಲದೆ ಲೀಟರ್‌ಗಳಲ್ಲಿಯೂ ಹಿಂದಿನ ವರ್ಷಗಳೊಡನೆ ಹೋಲಿಸಲಾಗಿದೆಯೇ?

* ಒಂದೇ ವಿಭಾಗದ ಹಲವರಲ್ಲಿ ಇಳಿಕೆ ಕಂಡುಬಂದಿದೆಯೇ?

ಕೊನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ ಪರೀಕ್ಷಿಸಬೇಕಾದುದು ಕಾರ್ಮಿಕರನ್ನಷ್ಟೇ ಅಲ್ಲ, ಆ ವಿಭಾಗವನ್ನು. ದೂಳು ಹೀರುವ ಫ್ಯಾನು ಕೆಲಸ ಮಾಡುತ್ತಿದೆಯೇ, ಕಲ್ಲು ಕತ್ತರಿಸುವಾಗ ನೀರು ಹಾಯಿಸಲಾಗುತ್ತಿದೆಯೇ, ಕಸವನ್ನು ಒಣ ಪೊರಕೆಯಿಂದ ಗುಡಿಸಿ ದೂಳೆಬ್ಬಿಸಲಾಗುತ್ತಿದೆಯೇ ಎಂಬುದನ್ನು ನೋಡಬೇಕು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು ಸೂಕ್ಷ್ಮ ಸಿಲಿಕಾ ದೂಳಿಗೆ ತಡೆಯಲ್ಲ. ಇಳಿಕೆ ಕಂಡ ಕಾರ್ಮಿಕನನ್ನು ದೂಳಿಲ್ಲದ ವಿಭಾಗಕ್ಕೆ ವರ್ಗಾಯಿಸಬೇಕೇ ಹೊರತು ವರದಿಯನ್ನೇ ನೆಪವಾಗಿಸಿ ಕೆಲಸದಿಂದ ತೆಗೆಯಬಾರದು. ಹಾಗೆ ತೆಗೆಯುವ ಕಡೆ ಮುಂದಿನ ವರ್ಷ ಯಾರೂ ಎದೆಯ ಬಿಗಿತವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಗ ಪರೀಕ್ಷೆಗೆ ಮಾಡಿದ ವೆಚ್ಚವೂ ವ್ಯರ್ಥ.

ವರದಿಯ ಒಂದು ಪ್ರತಿ ಕಾರ್ಮಿಕನ ಕೈಗೂ ಸೇರಬೇಕು. ಅವನು ಮುಂದೆ ಬೇರೊಂದು ಘಟಕಕ್ಕೆ ಸೇರಿದಾಗ ಅಲ್ಲಿನ ವೈದ್ಯರಿಗೆ ಅವನ ಶ್ವಾಸಕೋಶದ ಹಿಂದಿನ ಲೆಕ್ಕ ದೊರೆಯುವುದು ಆ ಪ್ರತಿಯಿಂದಲೇ.